ನೃಪತುಂಗನ ಹೆಸರು, ಸಾಕ್ರೆಟಿಸನ ಹೆಸರು
ಪಿಯುಸಿಯಲ್ಲಿ ತರ್ಕಶಾಸ್ತ್ರ ಓದುತ್ತಿರುವವರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಎಲ್ಲ ಮನುಷ್ಯರೂ ಮರ್ತ್ಯರು, ಸಾಕ್ರೆಟಿಸ್ ಮನುಷ್ಯ, ಆದ್ದರಿಂದ ಸಾಕ್ರೆಟಿಸ್ ಮರ್ತ್ಯ. ಈ ಮೂರು ಸಾಲು ನಿಮಗೆ ಬಾಯಿಪಾಠ. ಮಧ್ಯಪದ ಯಾವುದು, ಪಕ್ಷಪದ ಯಾವುದು ಎಂದು ಅಡಿಗೆರೆ ಎಳೆದು ಅಂಕವನ್ನೂ ಪಡೆದಿದ್ದೀರಿ. ಎರಡನೆಯ ಸಾಲಿನ ಮೊದಲ ಪದದ ಬಗ್ಗೆ ಮಾತ್ರ ಯಾವ ಪರೀಕ್ಷೆಯಲ್ಲೂ ಪ್ರಶ್ನೆ ಬರುವುದಿಲ್ಲ. ಕ್ರಿ.ಪೂ. 399ರಲ್ಲಿ ಅಥೆನ್ಸಿನ ಸೆರೆಮನೆಯಲ್ಲಿ ವಿಷ ಕುಡಿದು ಸತ್ತವನೊಬ್ಬ. ಹಾವೇರಿಯಲ್ಲೋ ಚಾಮರಾಜನಗರದಲ್ಲೋ ತರಗತಿಯ ಮೂರನೆಯ ಬೆಂಚಿನಲ್ಲಿ ಕೂತ ಹುಡುಗಿಯೊಬ್ಬಳು. ಆಕೆ ‘ಸಾಕ್ರೆಟಿಸ್’ ಎಂದ ಕೂಡಲೇ ಆ ಪದ ಬೇರೆ ಯಾರನ್ನೂ ಮುಟ್ಟದೆ ಅವನನ್ನೇ ಹೋಗಿ ಮುಟ್ಟುವುದು ಹೇಗೆ? ಆಕೆ ಅವನನ್ನು ಕಂಡಿಲ್ಲ, ಅವನ ಭಾಷೆ ಆಕೆಗೆ ಬಾರದು. ಅವನ ತಾಯಿ ಆ ಹೆಸರನ್ನು ಉಚ್ಚರಿಸಿದ ಬಗೆಯೂ ಆಕೆಯದಲ್ಲ.

ಈ ಪ್ರಶ್ನೆಯನ್ನು ಹಿಡಿದು ತಮ್ಮ ಕಾಲದ ತತ್ತ್ವಶಾಸ್ತ್ರದ ದಿಕ್ಕನ್ನೇ ಬದಲಿಸಿದವರು ಅಮೆರಿಕದ ಸಾಲ್ ಕ್ರಿಪ್ಕಿ. 2022ರ ಸೆಪ್ಟೆಂಬರ್ 15ರಂದು, 81ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ನಿಮಗೆ ಪರಿಚಯಿಸಲು ಈ ಪತ್ರ. ‘ತರ್ಕಶಾಸ್ತ್ರವೆಂದರೆ ಅರಿಸ್ಟಾಟಲನಲ್ಲೇ ಮುಗಿದುಹೋದದ್ದು’, ‘ಮುಂದೆ ಓದಬೇಕೆಂದರೆ ಇಂಗ್ಲಿಷಿನಲ್ಲೇ ಯೋಚಿಸಬೇಕು’ ಎಂಬ ಎರಡು ಮಾತು ನಿಮ್ಮ ಕಿವಿಗೆ ಮತ್ತೆ ಮತ್ತೆ ಬಿದ್ದಿರುತ್ತವೆ. ಕ್ರಿಪ್ಕಿಯ ಬದುಕು ಮೊದಲನೆಯದನ್ನು ಸುಳ್ಳು ಮಾಡುತ್ತದೆ. ಅವರು ಕೆಲಸ ಮಾಡಿದ ಬಗೆ ಎರಡನೆಯದನ್ನು ಸುಳ್ಳು ಮಾಡುತ್ತದೆ. ಅವರು ಸಾಕ್ಷಿಗೆ ಕರೆದದ್ದು ಪಂಡಿತರ ಗ್ರಂಥಗಳನ್ನಲ್ಲ, ಮಾತು ಬಲ್ಲ ಯಾರೇ ಆದರೂ ಹೆಸರುಗಳನ್ನು ಬಳಸುವ ರೀತಿಯನ್ನು. ಆ ಸಾಕ್ಷಿ ಕನ್ನಡದಲ್ಲಿ ಧಾರಾಳವಾಗಿದೆ.

ಕ್ರಿಪ್ಕಿ ಹುಟ್ಟಿದ್ದು 1940ರ ನವೆಂಬರ್ 13ರಂದು, ನ್ಯೂಯಾರ್ಕ್ ರಾಜ್ಯದ ಬೇ ಶೋರ್‌ನಲ್ಲಿ. ಬೆಳೆದದ್ದು ನೆಬ್ರಾಸ್ಕದ ಒಮಾಹಾ ಊರಿನಲ್ಲಿ. ತಂದೆ ಯಹೂದಿ ಸಮುದಾಯದ ರಬ್ಬಿ, ತಾಯಿ ಮಕ್ಕಳ ಪುಸ್ತಕಗಳ ಲೇಖಕಿ. ತಂಗಿ ಮ್ಯಾಡಲಿನ್ ಮುಂದೆ ನಿಘಂಟುಗಳ ಸಂಗ್ರಾಹಕಿಯಾಗಿ ಹೆಸರಾದರು. ನ್ಯೂಯಾರ್ಕ್ ನಗರದಲ್ಲಿದ್ದ ಅವರ ಸಂಗ್ರಹದಲ್ಲಿ ಸುಮಾರು 20,000 ಪುಸ್ತಕಗಳಿದ್ದವು. 2020ರಲ್ಲಿ ಕೋವಿಡ್ ಅವರನ್ನು ಬಲಿ ತೆಗೆದುಕೊಂಡ ಮೇಲೆ ಆ ಸಂಗ್ರಹ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿತು. ತಂಗಿ ಪದಗಳ ಅರ್ಥ ಹೇಳುವ ಪುಸ್ತಕಗಳನ್ನು ಬದುಕಿಡೀ ಕೂಡಿಟ್ಟರು. ಅಣ್ಣ, ಅಂಥ ಯಾವ ಪುಸ್ತಕದಲ್ಲೂ ಅರ್ಥ ಬರೆಯಲಾಗದ ಒಂದು ಜಾತಿಯ ಪದಗಳಿವೆ, ಅವೇ ಅಂಕಿತನಾಮಗಳು ಎಂದು ತೋರಿಸಿಕೊಟ್ಟರು. ಒಂದೇ ಮನೆಯಲ್ಲಿ ಬೆಳೆದ ಇಬ್ಬರನ್ನೂ ಪದಗಳೇ ಹಿಡಿದುಕೊಂಡಿದ್ದವು.

1959ರಲ್ಲಿ ‘ಜರ್ನಲ್ ಆಫ್ ಸಿಂಬಾಲಿಕ್ ಲಾಜಿಕ್’ ಎಂಬ ಪತ್ರಿಕೆಯಲ್ಲಿ ಮೋಡಲ್ ತರ್ಕದ ಬಗ್ಗೆ ಒಂದು ಲೇಖನ ಬಂತು. ಅದು ಅಚ್ಚಾದಾಗ ಅದರ ಲೇಖಕನಿಗೆ 18 ವರ್ಷ, ಹೆಚ್ಚು ಕಡಿಮೆ ನಿಮ್ಮದೇ ವಯಸ್ಸು. ಹಾರ್ವರ್ಡಿನಲ್ಲಿ ಗಣಿತದ ಪದವಿ ಓದುತ್ತಿದ್ದ ಈ ಹುಡುಗ ಅದರ ನಡುವೆಯೇ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತರ್ಕ ಕಲಿಸಿದ. 1962ರಲ್ಲಿ ಪದವಿ ಮುಗಿಸಿದ ಮೇಲೆ ಪಿಎಚ್‌ಡಿ ಮಾಡಲೇ ಇಲ್ಲ. ಮುಂದೆ ಬಂದ ಡಾಕ್ಟರೇಟುಗಳೆಲ್ಲ ಗೌರವಕ್ಕಾಗಿ ಬಂದವು.

ಮೋಡಲ್ ತರ್ಕ ಎಂಬ ಹೆಸರಿಗೆ ಬೆದರಬೇಕಿಲ್ಲ. ‘ಮಳೆ ಬರುತ್ತದೆ’ ಎಂಬುದು ನಿಮ್ಮ ಪಠ್ಯದ ತರ್ಕಕ್ಕೆ ಸಿಕ್ಕುವ ವಾಕ್ಯ. ‘ಮಳೆ ಬರಬಹುದು’, ‘ಬರಲೇಬೇಕು’, ‘ಬರಬಹುದಿತ್ತು’ ಎಂಬ ವಾಕ್ಯಗಳ ತರ್ಕವೇ ಮೋಡಲ್ ತರ್ಕ. ಕನ್ನಡದಲ್ಲಿ ಅದು ಕ್ರಿಯಾಪದದ ಬಾಲದಲ್ಲೇ ಕೂತಿದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ತರ್ಕಜ್ಞರು ಇಂಥ ವಾಕ್ಯಗಳಿಗೆ ನಿಯಮಗಳನ್ನೇನೋ ಬರೆದಿದ್ದರು. ಒಂದೇ ಪದ್ಧತಿಯಲ್ಲ, ಹಲವು. ‘ಆಗಬಹುದು ಎಂಬುದೇ ಆಗಬಹುದಾದರೆ, ಅದು ಆಗಬಹುದು’ ಎಂಬ ಸೂತ್ರವನ್ನು ಕೆಲವು ಪದ್ಧತಿಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಯಾವುದು ಸರಿ, ಏಕೆ ಸರಿ ಎಂದು ಅಳೆಯುವ ಕೋಲು ಇರಲಿಲ್ಲ. ಹಾರ್ವರ್ಡಿನ ದಿಗ್ಗಜ ಡಬ್ಲ್ಯು.ವಿ. ಕ್ವೈನ್ ಅವರಿಗಂತೂ ಈ ವಿದ್ಯೆಯ ಮೇಲೇ ನಂಬಿಕೆ ಇರಲಿಲ್ಲ.

ಹುಡುಗ ಆ ಕೋಲನ್ನು ಕೊಟ್ಟ. ಲೋಕ ಇರಬಹುದಾದ ಹಲವು ಬಗೆಗಳನ್ನು ಚುಕ್ಕಿಗಳೆಂದು ಇಡಿ. ಯಾವ ಚುಕ್ಕಿಯಿಂದ ಯಾವ ಚುಕ್ಕಿ ‘ಕಾಣುತ್ತದೆ’ ಎಂದು ಬಾಣ ಎಳೆಯಿರಿ. ನಿಂತಲ್ಲಿಂದ ಕಾಣುವ ಎಲ್ಲ ಲೋಕಗಳಲ್ಲೂ ನಿಜವಾದದ್ದು ‘ಆಗಲೇಬೇಕಾದದ್ದು’; ಒಂದರಲ್ಲಾದರೂ ನಿಜವಾದದ್ದು ‘ಆಗಬಹುದಾದದ್ದು’. ಇಷ್ಟೇ. ಇದಾದ ಮೇಲೆ ಸೂತ್ರಗಳ ಜಗಳವೆಲ್ಲ ಬಾಣಗಳ ಆಕಾರದ ಪ್ರಶ್ನೆಯಾಯಿತು. ಎರಡು ಬಾಣ ಹಾರಿ ಮುಟ್ಟುವ ಲೋಕವನ್ನು ಒಂದೇ ಬಾಣದಲ್ಲೂ ಮುಟ್ಟುವಂತಿದ್ದರೆ ಮೇಲೆ ಹೇಳಿದ ಸೂತ್ರ ಸರಿ, ಇಲ್ಲವಾದರೆ ತಪ್ಪು. ಫಿನ್‌ಲೆಂಡಿನ ಹಿಂಟಿಕ್ಕ, ಸ್ವೀಡನ್ನಿನ ಕಾಂಗೆರ್ ಅವರೂ ಅದೇ ಕಾಲದಲ್ಲಿ ಇದರ ಸಮೀಪಕ್ಕೆ ಬಂದಿದ್ದರು ಎಂಬುದನ್ನು ಮರೆಯಬಾರದು. ಆದರೂ ಈ ವಿದ್ಯೆಯ ಅತ್ಯಂತ ಮೂಲ ಪದ್ಧತಿಗೆ ಇಂದು ಇರುವ ಹೆಸರು ‘ಕೆ’. ಅದು ಕ್ರಿಪ್ಕಿಯ ಮೊದಲಕ್ಷರ.

‘ಇದರಿಂದ ಏನು ಉಪಯೋಗ’ ಎಂದು ಮನೆಯವರು ಕೇಳಿದರೆ ಹೇಳಲು ಒಂದು ಉತ್ತರವಿದೆ. ನಾಲ್ಕು ರಸ್ತೆ ಕೂಡುವಲ್ಲಿನ ಸಿಗ್ನಲ್ಲನ್ನು ನಡೆಸುವ ಕಂಪ್ಯೂಟರ್ ಪ್ರೋಗ್ರಾಮನ್ನು ಯೋಚಿಸಿ. ಅದರ ಒಂದೊಂದು ಸ್ಥಿತಿಯೂ ಒಂದು ಚುಕ್ಕಿ, ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವುದು ಒಂದು ಬಾಣ. ಅಡ್ಡಡ್ಡ ರಸ್ತೆಗಳೆರಡಕ್ಕೂ ಒಟ್ಟಿಗೆ ಹಸಿರು ಬೀಳುವ ಚುಕ್ಕಿಯನ್ನು ಯಾವ ದಾರಿಯಿಂದಲೂ ಮುಟ್ಟಲಾಗದು ಎಂದು ಯಂತ್ರದಿಂದಲೇ ಪರೀಕ್ಷಿಸಬಹುದು. ಕಂಪ್ಯೂಟರ್ ವಿಜ್ಞಾನದಲ್ಲಿ ಆ ಚಿತ್ರಕ್ಕೆ ‘ಕ್ರಿಪ್ಕಿ ಸ್ಟ್ರಕ್ಚರ್’ ಎಂದೇ ಹೆಸರು. ಆ ಪರೀಕ್ಷಾವಿಧಾನವನ್ನು ಕಟ್ಟಿ ಬೆಳೆಸಿದ ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಮೂವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಬಂತು.

ಇನ್ನು ಹೆಸರುಗಳ ವಿಷಯ. 1970ರ ಜನವರಿ 20, 22 ಮತ್ತು 29ರಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕ್ರಿಪ್ಕಿ ಮೂರು ಉಪನ್ಯಾಸ ಕೊಟ್ಟರು. ವಯಸ್ಸು 29. ಎದುರಿಗೆ ಬರೆದುಕೊಂಡ ಪಠ್ಯವಿರಲಿಲ್ಲ. ಧ್ವನಿಮುದ್ರಣದಿಂದ ಇಳಿಸಿಕೊಂಡ ಆ ಮಾತುಗಳು 1972ರಲ್ಲಿ ಒಂದು ಸಂಕಲನದಲ್ಲಿ, 1980ರಲ್ಲಿ ‘ನೇಮಿಂಗ್ ಅಂಡ್ ನೆಸೆಸಿಟಿ’ ಎಂಬ ಪುಸ್ತಕವಾಗಿ ಬಂದವು. ಮಾತಾಡಿದ ಧಾಟಿ ಅದರಲ್ಲಿ ಇನ್ನೂ ಉಳಿದಿದೆ. ನಡುವೆ ತಡೆದು ನಿಲ್ಲುತ್ತಾರೆ, ತಮ್ಮ ಮಾತನ್ನೇ ತಿದ್ದಿಕೊಳ್ಳುತ್ತಾರೆ.

ಅಲ್ಲಿಯವರೆಗೆ ಪ್ರಬಲವಾಗಿದ್ದ ಮತ ತರ್ಕಜ್ಞರಾದ ಫ್ರೇಗೆ ಮತ್ತು ರಸೆಲ್ ಅವರಿಂದ ಬಂದದ್ದು: ಹೆಸರು ಎಂದರೆ ಮುಚ್ಚಿಟ್ಟ ವರ್ಣನೆ. ‘ಅರಿಸ್ಟಾಟಲ್’ ಎಂದರೆ ‘ಪ್ಲೇಟೋನ ಶಿಷ್ಯ, ಅಲೆಕ್ಸಾಂಡರನ ಗುರು’ ಎಂದೋ ಅಂಥದೇ ಇನ್ನೊಂದೋ. ಆ ವರ್ಣನೆಗೆ ಯಾರು ಹೊಂದುತ್ತಾರೋ ಹೆಸರು ಅವರದು. ಕೇಳಲು ಇದು ಎಷ್ಟು ಸರಿಯಾಗಿ ಕಾಣುತ್ತದೆಂದರೆ, ತಪ್ಪೆಲ್ಲಿದೆ ಎಂದು ಹುಡುಕುವುದೇ ಕಷ್ಟ. ಕ್ರಿಪ್ಕಿ ಅದನ್ನು ಒಡೆದದ್ದು ಗಣಿತಜ್ಞ ಗೋಡೆಲ್ ಬಗ್ಗೆ ಒಂದು ಕಲ್ಪಿತ ಕಥೆ ಹೇಳಿ: ಗೋಡೆಲ್‌ರದೆಂದು ಪ್ರಸಿದ್ಧವಾದ ಅಪೂರ್ಣತಾ ಪ್ರಮೇಯವನ್ನು ನಿಜವಾಗಿ ಸಾಧಿಸಿದವನು ಶ್ಮಿಟ್ ಎಂಬ ಯಾರೋ ಆಗಿದ್ದರೆ?

ಕನ್ನಡದವರಿಗೆ ಈ ಕಲ್ಪನೆಯ ಅಗತ್ಯವೇ ಇಲ್ಲ, ನಮ್ಮಲ್ಲಿ ಅದು ನಡೆದೇ ಹೋಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಕೆ.ಬಿ. ಪಾಠಕ್ 1898ರಲ್ಲಿ ಮೊದಲು ಮುದ್ರಿಸಿದಾಗ ಅದು ರಾಷ್ಟ್ರಕೂಟ ದೊರೆ ನೃಪತುಂಗನ ಕೃತಿಯೆಂದೇ ಹೊರಬಂತು. ಆಮೇಲೆ ವಿದ್ವಾಂಸರು ಹಲವು ದಶಕ ವಾದ ಮಾಡಿದರು. ಬರೆದವನು ಆಸ್ಥಾನದ ಶ್ರೀವಿಜಯ ಎಂಬ ಅಭಿಪ್ರಾಯಕ್ಕೆ ಇಂದು ಬೆಂಬಲ ಹೆಚ್ಚು. ಈಗ ನೃಪತುಂಗನ ಬಗ್ಗೆ ‘ಕವಿರಾಜಮಾರ್ಗ ಬರೆದವನು’ ಎಂಬ ಒಂದೇ ಸಂಗತಿ ತಿಳಿದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಹೆಸರೆಂದರೆ ವರ್ಣನೆ ಎನ್ನುವುದಾದರೆ, ಅವನು ಇಷ್ಟು ವರ್ಷ ‘ನೃಪತುಂಗ’ ಎಂದಾಗಲೆಲ್ಲ ತಿಳಿಯದೆಯೇ ಶ್ರೀವಿಜಯನ ಮಾತಾಡುತ್ತಿದ್ದ ಎಂದಾಗುತ್ತದೆ! ಅವನ ಬಾಯಲ್ಲಿ ‘ನೃಪತುಂಗ ಕವಿರಾಜಮಾರ್ಗ ಬರೆಯಲಿಲ್ಲ’ ಎಂಬ ವಾಕ್ಯ ‘ಬರೆದವನು ಬರೆಯಲಿಲ್ಲ’ ಎಂಬ ಅಸಂಬದ್ಧವಾಗುತ್ತದೆ. ಹಾಗೆ ಯಾರಿಗೂ ಅನ್ನಿಸುವುದಿಲ್ಲ. ಅವನು ಮಾತಾಡುತ್ತಿದ್ದದ್ದು ನೃಪತುಂಗನ ಬಗ್ಗೆಯೇ, ತಪ್ಪು ತಿಳಿದು ಮಾತಾಡುತ್ತಿದ್ದ, ಅಷ್ಟೇ. ತಪ್ಪು ತಿಳಿದಿರಬೇಕಾದರೂ ಮೊದಲು ಹೆಸರು ಸರಿಯಾದ ಮನುಷ್ಯನನ್ನು ಹಿಡಿದಿರಬೇಕಲ್ಲ.

ಹಿಡಿಯುವುದು ಹೇಗೆ? ಕ್ರಿಪ್ಕಿ ಕೊಟ್ಟ ಚಿತ್ರ ಇದು. ಮೊದಲು ಯಾರೋ ಹೆಸರಿಡುತ್ತಾರೆ. ಅವರಿಂದ ಕೇಳಿದವರು, ‘ಇವರು ಯಾರನ್ನು ಕರೆದರೋ ನಾನೂ ಅವರನ್ನೇ ಕರೆಯುತ್ತೇನೆ’ ಎಂಬ ಉದ್ದೇಶದಿಂದ ಆ ಹೆಸರನ್ನು ಎತ್ತಿಕೊಳ್ಳುತ್ತಾರೆ. ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು, ಹೀಗೆ ಒಂದು ಸರಪಳಿ. ಮೊದಲ ಕೊಂಡಿಗೆ ಅವರು ಬಳಸಿದ ಪದ ಕ್ರೈಸ್ತರ ದೀಕ್ಷಾಸ್ನಾನದ್ದು. ನಮ್ಮ ಮನೆಗಳಲ್ಲಿ ಅದು ತೊಟ್ಟಿಲ ಸುತ್ತ ನಡೆಯುತ್ತದೆ; ಮಗುವಿನ ಕಿವಿಯಲ್ಲಿ ಹೆಸರು ಉಸುರುತ್ತಾರೆ. ಆ ಕೂಸಿನ ಬಗ್ಗೆ ವರ್ಣಿಸಲು ಆಗ ಏನೂ ಇರುವುದಿಲ್ಲ, ಆದರೂ ಹೆಸರು ಅಂಟಿಕೊಳ್ಳುತ್ತದೆ. ಅಥೆನ್ಸಿನಿಂದ ಪ್ಲೇಟೋ, ಗ್ರೀಕಿನಿಂದ ಅರಬ್ಬಿ, ಲ್ಯಾಟಿನ್, ಇಂಗ್ಲಿಷ್, ಅಲ್ಲಿಂದ ಕನ್ನಡದ ಪಠ್ಯಪುಸ್ತಕ, ನಿಮ್ಮ ಮೇಷ್ಟ್ರು, ಕೊನೆಗೆ ಮೂರನೆಯ ಬೆಂಚು. ಆಕೆಯೊಬ್ಬಳ ತಲೆಯೊಳಗೆ ಸಾಕ್ರೆಟಿಸನ ಗುರುತುಪತ್ರ ಇರಬೇಕಿಲ್ಲ. ಸಾಕ್ರೆಟಿಸನನ್ನು ಮುಟ್ಟಲು ಆಕೆಗೆ ಇಷ್ಟು ಜನ ಜೊತೆಗಿದ್ದಾರೆ. ‘ನೇಮಿಂಗ್ ಅಂಡ್ ನೆಸೆಸಿಟಿ’ಯಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರವಾಗುವುದು ಇದೇ. ಹೆಸರು ಒಬ್ಬರ ಒಡವೆಯಲ್ಲ.

ಹೆಸರಿನೊಳಗೇ ವರ್ಣನೆ ಇದ್ದರೆ? ಹತ್ತೊಂಬತ್ತನೆಯ ಶತಮಾನದಲ್ಲಿ ತತ್ತ್ವಜ್ಞ ಜಾನ್ ಸ್ಟುವರ್ಟ್ ಮಿಲ್ ಇಂಗ್ಲೆಂಡಿನ ಡಾರ್ಟ್‌ಮತ್ ಊರಿನ ಉದಾಹರಣೆ ಕೊಟ್ಟಿದ್ದ: ಡಾರ್ಟ್ ನದಿ ದಿಕ್ಕು ಬದಲಿಸಿದರೂ ಊರಿನ ಹೆಸರು ಅದೇ. ಕ್ರಿಪ್ಕಿ ಮಿಲ್‌ನ ಪಕ್ಷ ಹಿಡಿದರು. ನೀವು ಹೊಸಪೇಟೆಯನ್ನು ನೆನೆಯಿರಿ. ಕೃಷ್ಣದೇವರಾಯನ ಕಾಲದ ಊರು, ಐನೂರು ವರ್ಷವಾಗಿದೆ, ಇಂದಿಗೂ ಹೊಸಪೇಟೆಯೇ. ಅದು ಈಗ ಹೊಸದಲ್ಲ, ಹೆಸರು ಬದಲಿಸಿ ಎಂದು ಯಾರೂ ಅರ್ಜಿ ಹಾಕಿಲ್ಲ.

‘ಬಹುದಿತ್ತು’ ಇಲ್ಲಿಗೆ ಮರಳಿ ಬರುತ್ತದೆ. ಕುವೆಂಪು ಒಂದು ಸಾಲೂ ಬರೆಯದೆ ಕುಪ್ಪಳಿಯಲ್ಲಿ ಅಡಿಕೆ ತೋಟ ನೋಡಿಕೊಂಡು ಇದ್ದುಬಿಡಬಹುದಿತ್ತು. ಈ ವಾಕ್ಯ ನಿಮಗೆ ಅರ್ಥವಾಯಿತು. ಅಂಥ ಲೋಕದಲ್ಲಿ ‘ಕುವೆಂಪು’ ಎಂಬ ಕಾವ್ಯನಾಮವೇ ಹುಟ್ಟುತ್ತಿರಲಿಲ್ಲ, ಆದರೂ ನಾವು ಆ ಲೋಕದ ಬಗ್ಗೆ ಮಾತಾಡುವಾಗ ನಮ್ಮ ಹೆಸರು ಅಲ್ಲಿಯೂ ಅವರನ್ನೇ ಹಿಡಿಯುತ್ತದೆ. ‘ರಾಮಾಯಣ ದರ್ಶನಂ ಬರೆದ ಕವಿ’ ಎಂಬ ವರ್ಣನೆಗೆ ಆ ಶಕ್ತಿಯಿಲ್ಲ. ಆ ಲೋಕದಲ್ಲಿ ಅದು ಬೇರೊಬ್ಬರಿಗೆ ಹೊಂದಬಹುದು, ಯಾರಿಗೂ ಹೊಂದದೆಯೂ ಇರಬಹುದು. ಎಲ್ಲ ಲೋಕದಲ್ಲೂ ಒಂದನ್ನೇ ತೋರಿಸುವ ಪದಕ್ಕೆ ಕ್ರಿಪ್ಕಿ ‘ರಿಜಿಡ್ ಡೆಸಿಗ್ನೇಟರ್’ ಎಂದರು. ಕನ್ನಡದಲ್ಲಿ ‘ಅಚಲಸೂಚಿ’ ಎನ್ನೋಣ. ಇದಕ್ಕಿಂತ ಒಳ್ಳೆಯ ಪದ ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಅದೇ ನಿಲ್ಲಲಿ.

ಈ ಸಣ್ಣ ಗಮನಿಕೆಯಿಂದ ದೊಡ್ಡ ಗೋಡೆಯೊಂದು ಬಿತ್ತು. ಬೆಳಗಿನ ಜಾವ ಮೂಡಣದಲ್ಲಿ ಕಾಣುವ ಬೆಳ್ಳಿ, ಸಂಜೆ ಪಡುವಣದಲ್ಲಿ ಹೊಳೆಯುವ ಸಂಜೆಚುಕ್ಕಿ, ಇವೆರಡೂ ಶುಕ್ರಗ್ರಹವೇ. ಅದು ಆಕಾಶ ನೋಡಿ ತಿಳಿದದ್ದು. ಮನೆಯಲ್ಲಿ ಕಣ್ಣು ಮುಚ್ಚಿ ಕೂತು ಯೋಚಿಸಿದರೆ ತಿಳಿಯುವಂಥದಲ್ಲ. ಆದರೆ ಎರಡು ಹೆಸರೂ ಒಂದೇ ವಸ್ತುವನ್ನು ಎಲ್ಲ ಲೋಕದಲ್ಲೂ ಹಿಡಿಯುವುದಾದರೆ, ಆ ವಸ್ತು ತನ್ನಿಂದ ತಾನೇ ಬೇರೆಯಾಗಲು ಸಾಧ್ಯವೇ ಇಲ್ಲ. ಅಂದರೆ ಅದು ಅನಿವಾರ್ಯ ಸತ್ಯ, ಅನುಭವದಿಂದಲೇ ತಿಳಿಯಬೇಕಾದ ಅನಿವಾರ್ಯ ಸತ್ಯ. ಇಮ್ಯಾನುಯೆಲ್ ಕಾಂಟ್‌ನಿಂದ ಹಿಡಿದು ತತ್ತ್ವಜ್ಞರು ಅನಿವಾರ್ಯವಾದದ್ದು ಅನುಭವಕ್ಕೆ ಮೊದಲೇ ತಿಳಿಯುವಂಥದ್ದು ಎಂದು ನಂಬಿದ್ದರು. ಒಂದು ‘ತಿಳಿಯುವುದು ಹೇಗೆ’ ಎಂಬ ಪ್ರಶ್ನೆ, ಇನ್ನೊಂದು ‘ಇರುವುದು ಹೇಗೆ’ ಎಂಬ ಪ್ರಶ್ನೆ, ಎರಡನ್ನೂ ಕಲಸಬೇಡಿ ಎಂದರು ಕ್ರಿಪ್ಕಿ. ನೀರು ಎಚ್‌ಟೂಓ ಎಂಬುದೂ, ಚಿನ್ನದ ಪರಮಾಣು ಸಂಖ್ಯೆ 79 ಎಂಬುದೂ ಹೀಗೆಯೇ: ಪ್ರಯೋಗಶಾಲೆಯಲ್ಲಿ ಕಂಡದ್ದು, ಆದರೆ ಬೇರೆ ಬಗೆಯಾಗಿರಲು ಸಾಧ್ಯವಿಲ್ಲದ್ದು. ವಸ್ತುಗಳಿಗೆ ಸ್ವಭಾವ ಎಂಬುದೊಂದಿದೆ ಎಂಬ ಹಳೆಯ ಮಾತಿಗೆ ಮತ್ತೆ ಜೀವ ಬಂತು.

ಎಲ್ಲವನ್ನೂ ಅವರು ಬಿಡಿಸಿಬಿಟ್ಟರು ಎಂದು ತಿಳಿಯಬೇಡಿ. ತಮ್ಮ ಮತಕ್ಕೇ ಮುಳುವಾಗಬಲ್ಲ ಒಗಟನ್ನು 1979ರಲ್ಲಿ ಅವರೇ ಮುಂದಿಟ್ಟರು. ಕನ್ನಡದಲ್ಲಿ ಅದನ್ನು ಹೀಗೆ ಕಟ್ಟಬಹುದು. ಒಬ್ಬ ಹುಡುಗ ‘ಕುವೆಂಪು ಕವಿ’ ಎಂದು ಶಾಲೆಯಲ್ಲಿ ಓದಿದ್ದಾನೆ. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ‘ಕೆ.ವಿ. ಪುಟ್ಟಪ್ಪ’ ಎಂಬ ಹೆಸರನ್ನು ಅಜ್ಜನಿಂದ ಕೇಳಿದ್ದಾನೆ, ಅವರು ಕವಿಯಲ್ಲ ಎಂದು ನಂಬಿದ್ದಾನೆ. ಹೆಸರಿನ ಕೆಲಸ ಮನುಷ್ಯನನ್ನು ತೋರಿಸುವುದಷ್ಟೇ ಆದರೆ, ಈ ಹುಡುಗ ಒಬ್ಬರೇ ವ್ಯಕ್ತಿಯನ್ನು ಕವಿ ಎಂದೂ ಕವಿಯಲ್ಲ ಎಂದೂ ನಂಬಿದಂತಾಯಿತು. ಆದರೆ ಅವನ ಯೋಚನೆಯಲ್ಲಿ ತರ್ಕದ ತಪ್ಪು ಒಂದೂ ಇಲ್ಲ. ಹಾಗಾದರೆ ಅವನು ನಂಬಿದ್ದಾದರೂ ಏನು? ಕ್ರಿಪ್ಕಿ ಉತ್ತರ ಕೊಡಲಿಲ್ಲ. ಒಗಟನ್ನು ಒಗಟೆಂದೇ ಬಿಟ್ಟರು.

1982ರಲ್ಲಿ ಬಂದ, ತತ್ತ್ವಜ್ಞ ವಿಟ್‌ಗೆನ್‌ಸ್ಟೈನ್ ಕುರಿತ ಪುಸ್ತಕ ಇನ್ನೂ ನಿದ್ದೆಗೆಡಿಸುವಂಥದ್ದು. 68 ಮತ್ತು 57 ಕೂಡಿದರೆ 125. ನೀವು ಈ ಹಿಂದೆ 57 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನು ಕೂಡಿಯೇ ಇಲ್ಲವೆಂದು ಇಟ್ಟುಕೊಳ್ಳಿ. ‘ನೀನು ಇಷ್ಟು ದಿನ ಮಾಡುತ್ತಿದ್ದದ್ದು ಕೂಡುವುದೇ ಅಲ್ಲ, 57ರ ಕೆಳಗೆ ಮಾತ್ರ ಕೂಡಿದಂತೆ ಕಂಡು, ಅಲ್ಲಿಂದ ಮುಂದೆ ಉತ್ತರವೆಲ್ಲ 5 ಆಗುವ ಬೇರೊಂದು ಲೆಕ್ಕ’ ಎಂದು ಯಾರಾದರೂ ಹಠ ಹಿಡಿದರೆ, ಅಲ್ಲ ಎನ್ನಲು ನಿಮ್ಮ ಮನಸ್ಸಿನಲ್ಲಾಗಲಿ ಹಿಂದಿನ ಲೆಕ್ಕಗಳಲ್ಲಾಗಲಿ ಏನು ಪುರಾವೆ ಇದೆ? ಒಂದು ವಾರ ಗೆಳೆಯರೊಡನೆ ವಾದ ಮಾಡಿ ನೋಡಿ. ನಗು ಬಂದದ್ದು ನಿಧಾನವಾಗಿ ನಿಲ್ಲುತ್ತದೆ.

ನಿಮಗೆ ಹೇಳಲೇಬೇಕಾದ ಇನ್ನೊಂದು ಹೆಸರಿದೆ, ರೂತ್ ಬಾರ್ಕನ್ ಮಾರ್ಕಸ್. ‘ಎಲ್ಲ’, ‘ಕೆಲವು’ ಎಂಬ ಪದಗಳನ್ನು ಮೋಡಲ್ ತರ್ಕದೊಳಗೆ ತಂದ ಮೊದಲ ಲೇಖನಗಳಲ್ಲಿ ಈಕೆಯ 1946ರ ಲೇಖನವಿದೆ. 1962ರಲ್ಲಿ ಬಾಸ್ಟನ್ನಿನ ಸಭೆಯೊಂದರಲ್ಲಿ ಹೆಸರುಗಳು ವಸ್ತುವಿಗೆ ಕಟ್ಟಿದ ಚೀಟಿಯಂತೆ, ವರ್ಣನೆಗಳಲ್ಲ ಎಂದು ಈಕೆ ವಾದಿಸಿದಾಗ ಕ್ವೈನ್ ಅಲ್ಲಿದ್ದರು, 21ರ ಹರೆಯದ ಕ್ರಿಪ್ಕಿಯೂ ಇದ್ದರು. ತೊಂಬತ್ತರ ದಶಕದಲ್ಲಿ ಕ್ವೆಂಟಿನ್ ಸ್ಮಿತ್ ಎಂಬ ತತ್ತ್ವಜ್ಞ, ಕ್ರಿಪ್ಕಿಯ ಮುಖ್ಯ ಆಲೋಚನೆಗಳು ಮಾರ್ಕಸ್ ಅವರವು ಎಂದಾಗ ದೊಡ್ಡ ಜಗಳವೇ ಆಯಿತು. ಸ್ಕಾಟ್ ಸೋಮ್ಸ್ ಕ್ರಿಪ್ಕಿಯ ಪರ ನಿಂತರು. ಎರಡೂ ಕಡೆ ಓದಿದರೆ ಹೀಗನ್ನಿಸುತ್ತದೆ: ಸರಪಳಿಯ ಚಿತ್ರ, ತಿಳಿಯುವುದನ್ನೂ ಇರುವುದನ್ನೂ ಬಿಡಿಸಿದ ಕೆಲಸ ಕ್ರಿಪ್ಕಿಯದೇ. ಆದರೆ ಚೀಟಿಯ ಮಾತನ್ನು ಹೇಳುವಾಗ ಮಾರ್ಕಸ್ ಹೆಸರು ಬಿಡುವುದು ಅನ್ಯಾಯ, ಮತ್ತು ಆ ಅನ್ಯಾಯ ಬಹುಕಾಲ ನಡೆಯಿತು.

ರಾಕ್‌ಫೆಲ್ಲರ್ ವಿಶ್ವವಿದ್ಯಾಲಯ, ಪ್ರಿನ್ಸ್‌ಟನ್, ಕೊನೆಗೆ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯ, ಹೀಗೆ ಸಾಗಿತು ಅವರ ಅಧ್ಯಾಪನ. 2001ರಲ್ಲಿ ಸ್ವೀಡನ್ನಿನ ರೋಲ್ಫ್ ಶಾಕ್ ಪ್ರಶಸ್ತಿ ಬಂತು. ಬರೆದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. 1973ರಲ್ಲಿ ಆಕ್ಸ್‌ಫರ್ಡಿನಲ್ಲಿ ಕೊಟ್ಟ ಉಪನ್ಯಾಸಗಳು ನಲವತ್ತು ವರ್ಷ ಪ್ರತಿಗಳಾಗಿ ಕೈಯಿಂದ ಕೈಗೆ ಹರಿದಾಡಿ 2013ರಲ್ಲಿ ಪುಸ್ತಕವಾದವು.

ಕಡೆಯದಾಗಿ, ಸರಪಳಿ ತಪ್ಪುವ ಒಂದು ಸಂದರ್ಭ. ಗ್ಯಾರೆತ್ ಇವಾನ್ಸ್ ಎಂಬ ಇಂಗ್ಲಿಷ್ ತತ್ತ್ವಜ್ಞ ಮಡಗಾಸ್ಕರ್ ಉದಾಹರಣೆ ಕೊಟ್ಟ: ಆ ಹೆಸರು ಮೊದಲು ಆಫ್ರಿಕದ ಮುಖ್ಯಭೂಮಿಯ ಒಂದು ಭಾಗದ್ದು, ತಪ್ಪು ಗ್ರಹಿಕೆಯಿಂದ ದ್ವೀಪಕ್ಕೆ ಹೋಯಿತು. ಸರಪಳಿಯೊಂದೇ ಸಾಕಾಗಿದ್ದರೆ ನಾವು ಇಂದಿಗೂ ಮುಖ್ಯಭೂಮಿಯನ್ನೇ ಹೆಸರಿಸುತ್ತಿರಬೇಕಿತ್ತು. ಇದು ತೊಡಕೆಂದು ಕ್ರಿಪ್ಕಿ ಒಪ್ಪಿದರು; ಈಗ ಬಳಸುವವರೆಲ್ಲರ ಉದ್ದೇಶ ಹಳೆಯ ಕೊಂಡಿಯನ್ನು ಮೀರಿಸುತ್ತದೆ ಎಂದರು. ಎಲ್ಲಿ, ಯಾವಾಗ ಮೀರಿಸುತ್ತದೆ ಎಂಬ ಲೆಕ್ಕ ಇನ್ನೂ ತೀರಿಲ್ಲ.

ಹೀಗೆ ಜಾರಿದ ಹೆಸರೊಂದು ನಮ್ಮಲ್ಲೂ ಇದೆ. ನಿಮ್ಮ ಇತಿಹಾಸ ಪುಸ್ತಕ ತೆರೆಯಿರಿ. ಹದಿನೆಂಟನೆಯ ಶತಮಾನದ ಕರ್ನಾಟಿಕ್ ಯುದ್ಧಗಳ ಪಾಠ ಅಲ್ಲಿದೆ. ಅವು ನಡೆದದ್ದು ಎಲ್ಲಿ? 1749ರಲ್ಲಿ ಅಂಬೂರು, 1751ರಲ್ಲಿ ಆರ್ಕಾಟು, 1760ರಲ್ಲಿ ವಾಂಡಿವಾಷ್, ಎಲ್ಲವೂ ತಮಿಳು ನಾಡಿನ ಬಯಲು. ಘಟ್ಟದ ಮೇಲಿನ ಕನ್ನಡ ನಾಡಿನ ಹೆಸರು ದೊರೆಗಳ, ನವಾಬರ, ಕಂಪನಿಯವರ ಬಾಯಲ್ಲಿ ಸಾಗಿ ಘಟ್ಟದ ಕೆಳಗಿನ ಸೀಮೆಗೆ ಅಂಟಿಕೊಂಡಿತ್ತು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾಯಿತು. ಆ ದಿನ ನಡೆದದ್ದು ಹೊಸ ನಾಮಕರಣವೋ, ಜಾರಿಹೋದ ಹಳೆಯ ಕೊಂಡಿಯನ್ನು ಮತ್ತೆ ಹಿಡಿದದ್ದೋ? ಕಂಪನಿಯ ಕಾಗದದಲ್ಲಿನ ‘ಕರ್ನಾಟಿಕ್’ ಮತ್ತು ನಿಮ್ಮ ಅಂಕಪಟ್ಟಿಯ ಮೇಲಿನ ‘ಕರ್ನಾಟಕ’ ಒಂದೇ ಹೆಸರೋ, ಎರಡೋ? ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರನ್ನೂ ಕರೆದುಕೊಂಡು ಬಂದು, ಒಂದು ಪಿರಿಯಡ್ ಇದರ ಮೇಲೆ ವಾದ ಮಾಡಿ.

ಇಂತಿ,
ತರ್ಕಶಾಸ್ತ್ರದ ಹಳೆಯ ವಿದ್ಯಾರ್ಥಿ